ಇಂಟಿಗ್ರೇಟೆಡ್ ಪ್ಯಾಕೇಜು: ಎರಡು ವರ್ಷದ ಹೊರೆಯನ್ನು ತೂಗಿ ನೋಡಿದರೆ

ಹತ್ತನೆಯ ಫಲಿತಾಂಶ ಬರುವುದಕ್ಕೆ ಮೊದಲೇ ಮುಂಬಯಿ ಸುತ್ತಿನ ದಾದರ್, ಠಾಣೆ, ಡೊಂಬಿವಲಿ ಸ್ಟೇಷನ್ನುಗಳ ಹೊರಗೆ ಹೋರ್ಡಿಂಗುಗಳು ಏಳುತ್ತವೆ. ಹೆಸರು ಬೇರೆ ಬೇರೆ, ಮಾರುವ ಸರಕು ಒಂದೇ: ‘ಇಂಟಿಗ್ರೇಟೆಡ್’. ಜೂನಿಯರ್ ಕಾಲೇಜು ಮತ್ತು ಎಂಟ್ರೆನ್ಸ್ ಕ್ಲಾಸು ಒಂದೇ ಕಟ್ಟಡದಲ್ಲಿ, ಒಂದೇ ಟೈಮ್‌ಟೇಬಲ್ಲಿನಲ್ಲಿ, ಹನ್ನೊಂದು ಹನ್ನೆರಡು ಎರಡಕ್ಕೂ ಸೇರಿಸಿ ಒಂದೇ ಮೊತ್ತ. ಇಲ್ಲಿ ತೂಗುತ್ತಿರುವುದು ಯಾವುದೋ ಒಂದು ಕ್ಲಾಸನ್ನಲ್ಲ, ಆ ಸರಕನ್ನೇ. ಅದರ ಜತೆಗೆ ಸಿಗುವ ಬದಲಿಗಳನ್ನೂ ತಕ್ಕಡಿಗೆ ಹಾಕಿದ್ದೇವೆ.

ತೀರ್ಪು ಕೊನೆಯವರೆಗೆ ಬಚ್ಚಿಡುವುದಿಲ್ಲ. ಗಣಿತ ಸಲೀಸಾಗಿ ಬರುವ, ಐಐಟಿಯನ್ನೇ ಹಿಡಿದು ಕೂತ, ಮನೆಯಿಂದ ಅರ್ಧ ಗಂಟೆಯೊಳಗೆ ಕ್ಲಾಸು ಮುಟ್ಟುವ ಮಗುವಿಗೆ ಇಂಟಿಗ್ರೇಟೆಡ್ ಒಳ್ಳೆಯ ಖರೀದಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹತ್ತಿರದ ಅನುದಾನಿತ ಜೂನಿಯರ್ ಕಾಲೇಜು, ವಾರಕ್ಕೆ ಮೂರು ದಿನದ ಸಿಇಟಿ (ರಾಜ್ಯದ ಇಂಜಿನಿಯರಿಂಗ್, ಫಾರ್ಮಸಿ ಪ್ರವೇಶ ಪರೀಕ್ಷೆ) ಮಟ್ಟದ ಕ್ಲಾಸು, ಎರಡನೆಯ ಭಾಷೆಯ ಜಾಗಕ್ಕೆ ಐಟಿಯೋ (ಮಾಹಿತಿ ತಂತ್ರಜ್ಞಾನ), ಭಾಷೆ ಮತ್ತು ಜೀವಶಾಸ್ತ್ರ ಎರಡರ ಜಾಗಕ್ಕೂ ಬೈಫೋಕಲ್ಲೋ (200 ಅಂಕದ ವೃತ್ತಿ ವಿಷಯ), ಇಷ್ಟು ಸಾಕು. ‘ಭಾರದ್ದನ್ನೇ ತಗೊಳ್ಳಿ, ಆಮೇಲೆ ಇಳಿಸಬಹುದು’ ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಇಳಿಸುವುದು ಎಷ್ಟು ಕಷ್ಟ ಎನ್ನುವುದು ಮುಂದೆ ಬರುತ್ತದೆ.

ಹೊರೆಯನ್ನು ವಿಷಯಗಳ ಲೆಕ್ಕದಲ್ಲಿ ಅಳೆಯುವುದು ನಮ್ಮಲ್ಲಿ ರೂಢಿ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಎಂದರೆ ಭಾರ, ಪಿಸಿಎಂ ಎಂದರೆ ಸ್ವಲ್ಪ ಹಗುರ, ಕಾಮರ್ಸ್ ಎಂದರೆ ಆರಾಮ. ಈ ಅಳತೆ ಸುಳ್ಳು. ಮಗು ತಾನೇ ಕೂತು ಲೆಕ್ಕ ಬಿಡಿಸಲು ವಾರಕ್ಕೆ ಎಷ್ಟು ಗಂಟೆ ಉಳಿಯುತ್ತದೆ ಎನ್ನುವುದೊಂದೇ ಖರೆ ಅಳತೆ. ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ವಾರಕ್ಕೆ 168 ಗಂಟೆ. ನಿದ್ದೆಗೆ ದಿನಕ್ಕೆ 8ರಂತೆ 56. ಸ್ನಾನ, ಊಟ, ತಿಂಡಿ, ಸುಮ್ಮನೆ ಕೂರುವುದು ಸೇರಿ ದಿನಕ್ಕೆ 3ರಂತೆ 21. ಉಳಿದದ್ದು 91. ಇಂಟಿಗ್ರೇಟೆಡ್ ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಆರು ದಿನ ಎಂದರೆ 48. ಭಾನುವಾರದ ಟೆಸ್ಟು 3 ಗಂಟೆ, ಅದರ ಚರ್ಚೆ 1. ಡೊಂಬಿವಲಿಯ ಮನೆಯ ಬಾಗಿಲಿನಿಂದ ದಾದರಿನ ಕ್ಲಾಸಿನ ಬಾಗಿಲಿಗೆ ರಿಕ್ಷಾ, ಪ್ಲಾಟ್‌ಫಾರ್ಮು, ಲೋಕಲ್ ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿದರೆ ಏಳು ದಿನಕ್ಕೆ 21. ಒಟ್ಟು 73. ಕೈಯಲ್ಲಿ ಉಳಿದದ್ದು 18 ಗಂಟೆ.

ಅದೇ ಪ್ಯಾಕೇಜು, ಅದೇ ಮೇಷ್ಟ್ರು, ಆದರೆ ಕ್ಲಾಸು ಮನೆಯಿಂದ 20 ನಿಮಿಷದ ದೂರದಲ್ಲಿದ್ದರೆ ಓಡಾಟ 21ರಿಂದ 5ಕ್ಕೆ ಇಳಿಯುತ್ತದೆ, ಉಳಿಯುವುದು 34. ಇನ್ನು ಸಾದಾ ದಾರಿ: ಕಾಲೇಜು ದಿನಕ್ಕೆ 5ರಂತೆ 30, ಕ್ಲಾಸು 9, ಓಡಾಟ 6. ಉಳಿಯುವುದು 46. ಐಐಟಿ, ಎನ್‌ಐಟಿಗಳ ಪ್ರವೇಶ ಪರೀಕ್ಷೆಯಾದ ಜೆಇಇ ಮಟ್ಟದಲ್ಲಿ ಒಂದು ಗಂಟೆಯ ಪಾಠಕ್ಕೆ ಕಡಿಮೆಯೆಂದರೂ ಒಂದು ಗಂಟೆ ಸ್ವಂತ ಅಭ್ಯಾಸ ಬೇಕು. 48ರಲ್ಲಿ 36 ಗಂಟೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ಹೋದರೆ ಮನೆಯಲ್ಲಿ 36 ಬೇಕು. 34 ಇದ್ದವರು ಹೇಗೋ ನಿಭಾಯಿಸುತ್ತಾರೆ. 18 ಇದ್ದವರದ್ದು ಮೊದಲ ತಿಂಗಳಿನಿಂದಲೇ ಬಾಕಿ ಬೆಳೆಯುತ್ತದೆ, ಬಡ್ಡಿ ಸಮೇತ. ದೂರದ ‘ಟಾಪ್ ಬ್ಯಾಚಿ’ಗಿಂತ ಹತ್ತಿರದ ಎರಡನೇ ಬ್ಯಾಚು ಮೇಲು ಎನ್ನುವುದು ಈ ಲೆಕ್ಕದಿಂದ. ರೈಲಿನಲ್ಲಿ ಓದುತ್ತಾನೆ ಎನ್ನುವವರು ಬೆಳಿಗ್ಗೆ ಏಳರ ಫಾಸ್ಟ್ ಲೋಕಲ್ಲಿನಲ್ಲಿ ಒಮ್ಮೆ ಪುಸ್ತಕ ಬಿಚ್ಚಿ ನೋಡಲಿ.

ಈಗ ಹನ್ನೆರಡನೆಯ, ಅಂದರೆ ಇಲ್ಲಿಯ ಎಚ್‌ಎಸ್‌ಸಿಯ, ಆರು ವಿಷಯಗಳಿಗೆ ಬರೋಣ. ಮಹಾರಾಷ್ಟ್ರ ಬೋರ್ಡಿನ ಎಚ್‌ಎಸ್‌ಸಿ ಸೈನ್ಸಿನಲ್ಲಿ ತಲಾ 100 ಅಂಕದ ಆರು ವಿಷಯ. ಇಂಗ್ಲಿಷ್ ಕಡ್ಡಾಯ. ಎರಡನೆಯ ಭಾಷೆ ಅಥವಾ ಅದರ ಜಾಗದಲ್ಲಿ ಐಟಿ. ಆಮೇಲೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ. ಭೌತ, ರಸಾಯನ, ಜೀವಶಾಸ್ತ್ರಕ್ಕೆ ಲಿಖಿತ 70, ಪ್ರಾಕ್ಟಿಕಲ್ 30. ಗಣಿತ ಮತ್ತು ಭಾಷೆಗಳಿಗೆ 80 ಮತ್ತು 20. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಹನ್ನೆರಡನೆಯ ಪುಸ್ತಕದಲ್ಲಿ ಭೌತಶಾಸ್ತ್ರಕ್ಕೆ 16 ಅಧ್ಯಾಯ, ರಸಾಯನಕ್ಕೆ 16, ಗಣಿತದ ಎರಡು ಭಾಗಕ್ಕೆ 7 ಮತ್ತು 8. ಒಟ್ಟು 47. ಜೀವಶಾಸ್ತ್ರ ಹಿಡಿದರೆ ಇನ್ನೂ 15, ಮತ್ತು ಚಿತ್ರ ಬಿಡಿಸಿ ಬಿಡಿಸಿ ಕೈ ಸೋಲುವ ಒಂದು ಜರ್ನಲ್.

‘ಎರಡೂ ಬಾಗಿಲು ತೆರೆದಿರಲಿ’ ಎಂದು ಪಿಸಿಎಂಬಿ ಹಿಡಿಯುವುದು ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯ. ಕರ್ನಾಟಕದ ಪಿಯುಸಿಯಲ್ಲಿ ಪಿಸಿಎಂಬಿ ಓದಿದ ಅಣ್ಣಂದಿರು, ಚಿಕ್ಕಪ್ಪಂದಿರು ಅದನ್ನೇ ಹೇಳುತ್ತಾರೆ. ಆದರೆ ಜೆಇಇಯಲ್ಲಿ ಜೀವಶಾಸ್ತ್ರಕ್ಕೆ ಸೊನ್ನೆ, ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ ಗಣಿತಕ್ಕೆ ಸೊನ್ನೆ. ನೀಟ್‌ನ 720ರಲ್ಲಿ 360 ಜೀವಶಾಸ್ತ್ರದ್ದೇ, ಅಂದರೆ ಅದನ್ನು ಪಕ್ಕದ ವಿಷಯವಾಗಿ ಓದಿದವರಿಗೆ ಅಲ್ಲಿ ಜಾಗವಿಲ್ಲ. ಎರಡೂ ಬಾಗಿಲು ತೆರೆದಿಟ್ಟ ಮಗು ಹೆಚ್ಚಿನ ಸಲ ಹೊಸ್ತಿಲ ಮೇಲೇ ನಿಂತಿರುತ್ತದೆ. ಪಿಸಿಎಂಬಿಗೆ ಒಂದೇ ಸಮರ್ಥನೆ: ಡಾಕ್ಟರಾಗುವುದೋ ಇಂಜಿನಿಯರಾಗುವುದೋ ನಿಜವಾಗಿಯೂ ತೀರ್ಮಾನವಾಗಿಲ್ಲ, ಮತ್ತು ಕ್ಲಾಸು ಸಿಇಟಿ ಮಟ್ಟದ್ದು. ಎಂಎಚ್‌ಟಿ-ಸಿಇಟಿಗೆ ಪಿಸಿಎಂ, ಪಿಸಿಬಿ ಎರಡು ಗುಂಪೂ ಬರೆಯಬಹುದು, ತಪ್ಪಿಗೆ ಅಂಕ ಕಳೆಯುವುದೂ ಇಲ್ಲ. ಬಿ.ಫಾರ್ಮ್ ಮನಸ್ಸಿನಲ್ಲಿದ್ದರೆ ಗಣಿತವಿದ್ದರೂ ನಡೆಯುತ್ತದೆ, ಜೀವಶಾಸ್ತ್ರವಿದ್ದರೂ ನಡೆಯುತ್ತದೆ. ಅದಕ್ಕಾಗಿ ಎರಡನ್ನೂ ಹೊರಬೇಕಿಲ್ಲ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹನ್ನೆರಡು ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರಿಗೂ ನೀಟ್ ಬರೆಯಲು ಒಪ್ಪಿಗೆ ಕೊಟ್ಟಿದೆ. ‘ಈಗ ಬಿಟ್ಟರೆ ಜನ್ಮದಲ್ಲಿ ಇಲ್ಲ’ ಎಂಬ ಹಳೆಯ ಹೆದರಿಕೆಗೆ ಮೊದಲಿನ ಬಲ ಉಳಿದಿಲ್ಲ.

ಜೀವಶಾಸ್ತ್ರ ಬಿಟ್ಟವರಿಗೆ ಮುಂಬಯಿಯಲ್ಲಿ ಸಿಗುವ ಒಳ್ಳೆಯ ಸರಕು ಬೈಫೋಕಲ್. ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್, 200 ಅಂಕ. ಎರಡನೆಯ ಭಾಷೆ ಮತ್ತು ಜೀವಶಾಸ್ತ್ರ ಎರಡರ ಜಾಗವನ್ನೂ ಇದೊಂದೇ ತುಂಬುತ್ತದೆ. ಎರಡು ಪೇಪರು, ಪ್ರತಿಯೊಂದಕ್ಕೂ ಲಿಖಿತ 50, ಪ್ರಾಕ್ಟಿಕಲ್ 50. ಇನ್ನೂರರಲ್ಲಿ ನೂರು ಅಂಕ ಲ್ಯಾಬಿನಲ್ಲೇ ಸಿಗುತ್ತದೆ. ಕಂಪ್ಯೂಟರ್ ಸೈನ್ಸಿನ ಹನ್ನೆರಡನೆಯ ಮೊದಲ ಪೇಪರಿನಲ್ಲಿ ಆಪರೇಟಿಂಗ್ ಸಿಸ್ಟಮ್, ಡೇಟಾ ಸ್ಟ್ರಕ್ಚರ್, ಸಿ ಪ್ಲಸ್ ಪ್ಲಸ್, ಎಚ್‌ಟಿಎಂಎಲ್. ಎರಡನೆಯದರಲ್ಲಿ 8085 ಮೈಕ್ರೊಪ್ರೊಸೆಸರ್, 8051 ಮೈಕ್ರೊಕಂಟ್ರೋಲರ್, ನೆಟ್‌ವರ್ಕಿಂಗ್.

8085 ಹೊರಬಂದದ್ದು 1976ರಲ್ಲಿ. ಇಷ್ಟು ಹಳೆಯದನ್ನು ಯಾಕೆ ಓದಬೇಕು ಎಂದು ಅಪ್ಪಂದಿರು ಮೂಗು ಮುರಿಯುತ್ತಾರೆ. ಲ್ಯಾಬಿನಲ್ಲಿ ಒಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ. ಸಿ000 ಮತ್ತು ಸಿ001 ಎಂಬ ವಿಳಾಸದ, ಮೆಮೊರಿಯ ಎರಡು ಮನೆಗಳಲ್ಲಿರುವ ಸಂಖ್ಯೆಗಳನ್ನು ಕೂಡಿಸಿ ಮೂರನೆಯ ಮನೆಯಲ್ಲಿಡಬೇಕು. ಮೊದಲ ಆಜ್ಞೆ ‘ಎಲ್‌ಎಕ್ಸ್‌ಐ ಎಚ್, ಸಿ000’. ಇದರ ಕೋಡು 21. ಅದಾದ ಮೇಲೆ ವಿಳಾಸ ಒತ್ತಬೇಕು, ಆದರೆ ಬರೆದ ಕ್ರಮದಲ್ಲಲ್ಲ: ಮೊದಲು ಕೆಳಗಿನ ಅರ್ಧ 00, ಆಮೇಲೆ ಮೇಲಿನ ಅರ್ಧ ಸಿ0. ಮುಂದೆ 7ಇ, 23, 86, 23, 77, ಕೊನೆಗೆ ನಿಲ್ಲಿಸಲು 76. ಒಂಬತ್ತು ಬೈಟು, ಅಷ್ಟೇ. ಸಿ0 ಮೊದಲು, 00 ಆಮೇಲೆ ಒತ್ತಿದರೆ ಯಂತ್ರ 00ಸಿ0 ಎಂಬ ಬೇರೆಯೇ ಮನೆಯ ಬಾಗಿಲು ತಟ್ಟುತ್ತದೆ, ಉತ್ತರದ ಜಾಗದಲ್ಲಿ ಏನೋ ಕಸ ಕಾಣುತ್ತದೆ. ಪರೀಕ್ಷೆಯ ದಿನ ಗಾಬರಿಯಲ್ಲಿ ಹೆಚ್ಚು ಮಕ್ಕಳು ಎಡವುವುದು ಇಲ್ಲಿಯೇ. ಲ್ಯಾಬಿನ ಅಭ್ಯಾಸದ ಕಿಟ್ಟಿನ ಮೇಲೆ ಹತ್ತು ಸಲ ಒತ್ತಿದ ಕೈ ಎಡವುವುದಿಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಹದಿನೇಳನೆಯ ವಯಸ್ಸಿನಲ್ಲಿ ಹೀಗೆ ಬೆರಳ ತುದಿಯಿಂದ ತಿಳಿಸುವ ಪಠ್ಯ ಇನ್ನೊಂದಿಲ್ಲ.

ಬೈಫೋಕಲ್‌ನ ದೋಷವೂ ಉಂಟು. ಸೀಟು ಕಡಿಮೆ, ಅನುದಾನಿತ ಕಾಲೇಜಿನಲ್ಲೂ ಇದಕ್ಕೆ ಬೇರೆ ಫೀ, ಮತ್ತು ಎರಡನೆಯ ಭಾಷೆ ಕೈಬಿಡುತ್ತದೆ. ಕನ್ನಡ ಶಾಲೆಯಲ್ಲಿ ಹತ್ತರವರೆಗೆ ಓದಿ, ಕನ್ನಡದಲ್ಲಿ ಒಳ್ಳೆಯ ಅಂಕ ತೆಗೆದ ಮಗುವಿಗೆ ಹನ್ನೊಂದರಲ್ಲೂ ಕನ್ನಡವನ್ನೇ ಎರಡನೆಯ ಭಾಷೆಯಾಗಿ ಇಟ್ಟುಕೊಳ್ಳುವ ಆಸೆಯಿದ್ದರೆ ಕಾಲೇಜನ್ನು ಮೊದಲು ಆ ಪ್ರಶ್ನೆಯ ಮೇಲೆಯೇ ಆರಿಸಬೇಕು. ಬೋರ್ಡಿನಲ್ಲಿ ಕನ್ನಡ ಇದೆ, ಕಲಿಸುವ ಜೂನಿಯರ್ ಕಾಲೇಜುಗಳು ಬೆರಳೆಣಿಕೆ. ಐಟಿ ಇವೆರಡರ ನಡುವಿನ ದಾರಿ: 80 ಅಂಕದ ಪರೀಕ್ಷೆ ಕಂಪ್ಯೂಟರಿನ ಮೇಲೆ, 20 ಪ್ರಾಕ್ಟಿಕಲ್, ವಿಷಯ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ. ವಾರಕ್ಕೆ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಅಂಕವೂ ಕೈಗೆ ಹತ್ತುತ್ತದೆ. ಹೊರೆ ಇಳಿಸಬೇಕೆಂದವರಿಗೆ ಇದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ.

ಇಂಟಿಗ್ರೇಟೆಡ್‌ನ ದೊಡ್ಡ ಸೋಲು ಲ್ಯಾಬಿನಲ್ಲಿ. ಟೈಮ್‌ಟೇಬಲ್ಲಿನಲ್ಲಿ ಪ್ರಾಕ್ಟಿಕಲ್ ಎಂದು ಬರೆದಿರುತ್ತದೆ, ನಡೆಯುವುದು ಡಿಸೆಂಬರ್, ಜನವರಿಯಲ್ಲಿ ಒಟ್ಟಿಗೆ, ಮದುವೆ ಮನೆಯ ಕೊನೆಯ ಪಂಕ್ತಿಯ ಅವಸರದಲ್ಲಿ. ಅದೇ ಹೊತ್ತಿಗೆ ಕಾಲೇಜಿನ ಪೂರ್ವಭಾವಿ ಪರೀಕ್ಷೆಯಾದ ಪ್ರಿಲಿಮ್, ಅದೇ ಹೊತ್ತಿಗೆ ಜೆಇಇ ಮೇನ್‌ನ ಜನವರಿ ಸರದಿ. ಜರ್ನಲನ್ನು ಒಬ್ಬರಿಂದೊಬ್ಬರು ನಕಲು ಮಾಡುತ್ತಾರೆ. ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದು ಎದುರು ನಿಂತಾಗ ಕೈ ನಡುಗುತ್ತದೆ. ರಸಾಯನದ ಟೈಟ್ರೇಶನ್ ನೋಡಿ. ಆಕ್ಸಾಲಿಕ್ ಆಮ್ಲದ ಎದುರು ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಫ್ಲಾಸ್ಕಿಗೆ ಸಾಕಷ್ಟು ದುರ್ಬಲ ಗಂಧಕಾಮ್ಲ ಹಾಕಿ 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು. ತಣ್ಣಗಿದ್ದರೆ ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ, ಮಗು ಅದನ್ನೇ ಕೊನೆಯ ಬಿಂದು ಎಂದುಕೊಂಡು ನಿಲ್ಲಿಸುತ್ತದೆ. ಆಮ್ಲ ಕಡಿಮೆಯಾದರೆ ನಸುಗುಲಾಬಿಯ ಬದಲು ಕಂದು ಕೆಸರು. ಬ್ಯೂರೆಟ್ಟಿನಲ್ಲಿರುವುದು ಗಾಢ ನೇರಳೆ ದ್ರವವಾದ್ದರಿಂದ ಕೆಳಗಿನ ಬಾಗು ಕಾಣುವುದಿಲ್ಲ, ಮೇಲಿನ ಅಂಚಿನಲ್ಲಿ ಓದಬೇಕು. ಪುಸ್ತಕದ ಸಾಮಾನ್ಯ ನಿಯಮ ಬಾಯಿಪಾಠ ಮಾಡಿದವರು ಕೆಳಗಿನ ಬಾಗನ್ನೇ ಹುಡುಕುತ್ತಾ ನಿಲ್ಲುತ್ತಾರೆ. ಬರೀ ವೀಡಿಯೊ ನೋಡಿ ಕಲಿತವರು ಈ ಮೂರರಲ್ಲೂ ಎಡವುತ್ತಾರೆ.

ಮೂವತ್ತು ಅಂಕ ಹೋದರೆ ಹೋಗಲಿ, ನಮಗೆ ಜೆಇಇ ಮುಖ್ಯ ಎನ್ನುವವರಿಗೆ ಇನ್ನೊಂದು ಲೆಕ್ಕ. ಐಐಟಿ, ಎನ್‌ಐಟಿ ಪ್ರವೇಶಕ್ಕೆ ಹನ್ನೆರಡರಲ್ಲಿ ಐದು ವಿಷಯ ಸೇರಿ 75% ಬೇಕು, ಇಲ್ಲವೇ ಬೋರ್ಡಿನ ಮೇಲಿನ 20 ಪರ್ಸೆಂಟೈಲಿನಲ್ಲಿರಬೇಕು. ಪರಿಶಿಷ್ಟ ಜಾತಿ, ಪಂಗಡಗಳಿಗೆ 65%. ಐದು ವಿಷಯ ಎಂದರೆ ಭೌತ, ರಸಾಯನ, ಗಣಿತ, ಒಂದು ಭಾಷೆ, ಇನ್ನೊಂದು ಯಾವುದಾದರೂ. 500ಕ್ಕೆ 375. ಪಿಸಿಎಂನಲ್ಲಿ ತಲಾ 70 ಬಂದರೆ 210. ಉಳಿದೆರಡರಲ್ಲಿ 165 ಬೇಕು, ಅಂದರೆ ಇಂಗ್ಲಿಷಿನಲ್ಲೂ ಇನ್ನೊಂದರಲ್ಲೂ ಸರಾಸರಿ 82ರ ಮೇಲೆ. ಇಂಟಿಗ್ರೇಟೆಡ್‌ನಲ್ಲಿ ಇಂಗ್ಲಿಷಿನ ಪಿರಿಯಡ್ಡು ಎಲ್ಲಕ್ಕಿಂತ ಮೊದಲು ಬಲಿಯಾಗುವುದು. ಡೆಮೊ ಲೆಕ್ಚರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರನ್ನು ತೋರಿಸುತ್ತಾರೆ. ಇಂಗ್ಲಿಷಿನ ಮೇಷ್ಟ್ರು ಯಾರು ಎಂದು ಕೇಳಿ ನೋಡಿ, ಕೌಂಟರಿನಲ್ಲಿರುವವರು ಒಳಗೆ ಹೋಗಿ ವಿಚಾರಿಸಿ ಬರುತ್ತಾರೆ.

ಲ್ಯಾಬು, ಬೋರ್ಡಿನ ಅಂಕ ಆದ ಮೇಲೆ ಇಂಟಿಗ್ರೇಟೆಡ್‌ನ ಮೂರನೆಯ ಸೋಲು ಸಿಲಬಸ್ಸಿನ ಬಿರುಕು. ಬೋರ್ಡಿನ ಗಣಿತ ಶುರುವಾಗುವುದೇ ಗಣಿತೀಯ ತರ್ಕದಿಂದ, ಮುಂದೆ ರೇಖೀಯ ಪ್ರೋಗ್ರಾಮಿಂಗ್ ಬರುತ್ತದೆ. ಜೆಇಇ ಮೇನ್‌ನಲ್ಲಿ ಈಗ ಇವೆರಡೂ ಇಲ್ಲ. ಹಾಗಾಗಿ ಜೆಇಇ ಬ್ಯಾಚು ಇವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುತ್ತದೆ. ಎಂಎಚ್‌ಟಿ-ಸಿಇಟಿಯಲ್ಲಿ ಇವು ಬರುತ್ತವೆ, ಅದೂ ಸುಲಭದ ಪ್ರಶ್ನೆಗಳಾಗಿ. ಸಿಇಟಿಯ ಪಿಸಿಎಂ ಪತ್ರಿಕೆ 200 ಅಂಕದ್ದು: ಭೌತ 50, ರಸಾಯನ 50 ಪ್ರಶ್ನೆಗೆ ತಲಾ 1 ಅಂಕ, ಗಣಿತದ 50ಕ್ಕೆ ತಲಾ 2. ಅರ್ಧ ಅಂಕ ಗಣಿತದ್ದೇ. ಭೌತ, ರಸಾಯನ ಸೇರಿ 90 ನಿಮಿಷ, ಗಣಿತಕ್ಕೆ ಬೇರೆ 90 ನಿಮಿಷ. ಹನ್ನೊಂದನೆಯ ಪಾಠಕ್ಕೆ 20% ತೂಕ, ಅಂದರೆ 200ರಲ್ಲಿ 40. ‘ಹನ್ನೊಂದು ಬೋರ್ಡಲ್ಲವಲ್ಲ’ ಎಂದು ಒಂದು ವರ್ಷ ಹಗುರಾಗಿ ಕಳೆದವರು ಈ 40ನ್ನು ಏಪ್ರಿಲ್‌ನಲ್ಲಿ ಹುಡುಕುತ್ತಾರೆ. ಜೆಇಇ ಮೇನ್‌ನಲ್ಲಿ 75 ಪ್ರಶ್ನೆ, 300 ಅಂಕ, ಸರಿಗೆ 4, ತಪ್ಪಿಗೆ 1 ಕಡಿತ. ಪ್ರಶ್ನೆಗೆ ಸರಾಸರಿ 144 ಸೆಕೆಂಡು. ಸಿಇಟಿ ಗಣಿತದಲ್ಲಿ ಪ್ರಶ್ನೆಗೆ 108, ಭೌತ-ರಸಾಯನದಲ್ಲಿ ಬರೀ 54. ಒಂದು ಆಳದ ಪರೀಕ್ಷೆ, ಇನ್ನೊಂದು ವೇಗದ್ದು. ‘ಜೆಇಇಗೆ ಓದಿದರೆ ಸಿಇಟಿ ತಾನಾಗಿ ಬರುತ್ತದೆ’ ಎಂಬ ಮಾತು ಪೂರ್ತಿ ನಿಜವಲ್ಲ. ಗಡಿಯಾರ ಇಟ್ಟುಕೊಂಡು ಬೇರೆಯೇ ಅಭ್ಯಾಸ ಬೇಕು, ಮತ್ತು ಮುಂಬಯಿಯ ಹೆಚ್ಚಿನ ಮಕ್ಕಳು ಕೊನೆಗೆ ಸೀಟು ಪಡೆಯುವುದು ಸಿಇಟಿಯಿಂದಲೇ.

ಹಣದ ವಿಚಾರ. ಕ್ಲಾಸಿನ ಫೀಗೆ 18% ಜಿಎಸ್‌ಟಿ ಉಂಟು. ಬಾಯಲ್ಲಿ 2 ಲಕ್ಷ ಎಂದರೆ ರಸೀದಿಯಲ್ಲಿ 2,36,000. ಕಾಲೇಜಿನ ಫೀ, ಕ್ಲಾಸಿನ ಫೀ ಎರಡಕ್ಕೂ ಬೇರೆ ಬೇರೆ ರಸೀದಿ ಕೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯದಿಂದ ಕಳೆಯಲು ಬರುವುದು ಕಾಲೇಜಿನ ಟ್ಯೂಶನ್ ಫೀ ಮಾತ್ರ, ಕ್ಲಾಸಿನದ್ದು ಬರುವುದಿಲ್ಲ. ‘ನೋ ಕಾಸ್ಟ್ ಇಎಂಐ’ ಎಂದು ಟ್ಯಾಬ್ಲೆಟ್ಟಿನಲ್ಲಿ ಬೆರಳು ಒತ್ತಿಸಿಕೊಂಡರೆ ಅದು ಹಣಕಾಸು ಕಂಪನಿಯೊಂದು ತಂದೆಯ ಹೆಸರಿನಲ್ಲಿ ಕೊಡುವ ಸಾಲ. ಪೂರ್ತಿ ಮೊತ್ತ ಆ ದಿನವೇ ಕ್ಲಾಸಿಗೆ ಹೋಗುತ್ತದೆ. ಮೂರು ತಿಂಗಳಿಗೆ ಮಗು ಕ್ಲಾಸು ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ (ಸಾಲದ ಅರ್ಹತೆಯ ಅಂಕ) ಕೆಡುವುದು ಅಪ್ಪನದ್ದು. ಬ್ಯಾಚಿನ ‘ಸ್ಕಾಲರ್‌ಶಿಪ್ ಟೆಸ್ಟಿ’ನಲ್ಲಿ ಸಿಗುವ ರಿಯಾಯಿತಿಗೆ ಮೂರ್ಛೆ ಹೋಗಬೇಡಿ, ಸೀರೆ ಅಂಗಡಿಯ ಆಷಾಢ ಸೇಲಿನ ಹಾಗೆ, ಮೊದಲ ಬೆಲೆಯನ್ನು ಬರೆದವರೂ ಅವರೇ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ, ಕಾಲೇಜಿನ ಹೊತ್ತಿನಲ್ಲಿ ಕ್ಲಾಸು ನಡೆಸಬಾರದು, ದಿನಕ್ಕೆ 5 ಗಂಟೆ ಮೀರಬಾರದು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಫೀಯನ್ನು 10 ದಿನದೊಳಗೆ ಹಿಂತಿರುಗಿಸಬೇಕು ಎಂದೆಲ್ಲ ಅದರಲ್ಲಿದೆ. ಇದು ಮಾರ್ಗಸೂಚಿ, ಜಾರಿ ರಾಜ್ಯಗಳ ಕೈಯಲ್ಲಿ. ಆದರೂ ಅದರ ಪ್ರತಿಯೊಂದನ್ನು ಫೋನಿನಲ್ಲಿ ಇಟ್ಟುಕೊಂಡು ‘ನಿಮ್ಮ ರೀಫಂಡ್ ನಿಯಮ ಬರಹದಲ್ಲಿ ಕೊಡಿ’ ಎಂದು ಕೇಳಿದರೆ ಧ್ವನಿ ಬದಲಾಗುತ್ತದೆ. ಇತ್ತ ಮಹಾರಾಷ್ಟ್ರ ಸರ್ಕಾರ 2018ರಲ್ಲೇ ಮುಂಬಯಿ, ಪುಣೆಯಂಥ ದೊಡ್ಡ ಊರುಗಳ ಸೈನ್ಸ್ ಜೂನಿಯರ್ ಕಾಲೇಜುಗಳಿಗೆ ಬಯೊಮೆಟ್ರಿಕ್ ಹಾಜರಿ ಹೇಳಿತ್ತು. ಉದ್ದೇಶ ಕಾಲೇಜು ಮತ್ತು ಕ್ಲಾಸಿನ ಇದೇ ಹೊಂದಾಣಿಕೆಗೆ ಕಡಿವಾಣ ಹಾಕುವುದು. ನಿಮ್ಮ ಮಗುವಿನ ಹೆಸರು ಒಂದು ಕಾಲೇಜಿನ ಪಟ್ಟಿಯಲ್ಲಿ, ಮಗು ಕೂರುವುದು ಇನ್ನೊಂದು ಕಟ್ಟಡದಲ್ಲಿ ಎಂದಾದರೆ 75% ಹಾಜರಿಯ ಹೊಣೆ ಯಾರದ್ದು ಎಂದು ಬರೆಸಿಕೊಳ್ಳಿ.

ನಮ್ಮವರಿಗೆ ಇನ್ನೊಂದು ಸೆಳೆತವಿದೆ: ಮಗುವನ್ನು ಊರಿಗೆ, ದಕ್ಷಿಣ ಕನ್ನಡದ ಹಾಸ್ಟೆಲ್ಲಿರುವ ಪಿಯು ಕಾಲೇಜಿಗೆ ಹಾಕುವುದು. ಓಡಾಟದ 21 ಗಂಟೆ ಉಳಿಯುತ್ತದೆ, ಅಜ್ಜಿಮನೆ ಹತ್ತಿರ, ಎರಡನೆಯ ಭಾಷೆಯಾಗಿ ಕನ್ನಡ ಸಿಗುತ್ತದೆ. ಗಂಟೆಯ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ. ಬೀಳುವುದು ಕೋಟಾದಲ್ಲಿ. ಮಹಾರಾಷ್ಟ್ರದ 85% ವೈದ್ಯಕೀಯ ಸೀಟಿಗೆ ಹತ್ತು, ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು. ಪಿಯುಸಿಗೆ ಹೋದ ದಿನವೇ ಆ ಹಕ್ಕು ಹೋಯಿತು. ಕರ್ನಾಟಕದ ಕೋಟಾ ಸಿಗುತ್ತದಲ್ಲ ಎಂದರೆ, ಅಲ್ಲಿಯ ಮುಖ್ಯ ಕಲಮು ಒಂದರಿಂದ ಹನ್ನೆರಡರೊಳಗೆ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಎನ್ನುತ್ತದೆ. ಪಿಯುಸಿಯ ಎರಡು ವರ್ಷ ಅದಕ್ಕೆ ಸಾಲದು. ಹೊರನಾಡ ಕನ್ನಡಿಗರಿಗೆ ಬೇರೆ ಕಲಮು ಇದೆ, ಅದಕ್ಕೆ ಬೇರೆ ಷರತ್ತು, ಬೇರೆ ದಾಖಲೆ, ಜತೆಗೆ ಅಲ್ಲಿಯ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡಿ ಬೆಳೆದು, ಅಕ್ಷರ ಮಾತ್ರ ಗೊತ್ತಿಲ್ಲದ ನಮ್ಮ ಮಕ್ಕಳು ಈ ಪರೀಕ್ಷೆಯ ಮುಂದೆ ಬೆಪ್ಪಾಗುತ್ತಾರೆ. ಇಂಜಿನಿಯರಿಂಗ್‌ಗೆ ಇಷ್ಟು ಬಿಗಿ ಇಲ್ಲ. ಅಪ್ಪನದೋ ಅಮ್ಮನದೋ ಮಹಾರಾಷ್ಟ್ರದ ಡೊಮಿಸೈಲ್ (ವಾಸದ ಪ್ರಮಾಣಪತ್ರ) ಇದ್ದರೆ ಇಲ್ಲಿಯ ಪ್ರವೇಶಕ್ಕೆ ದಾರಿಯಿದೆ. ಆದ್ದರಿಂದ ನೀಟ್ ಮನಸ್ಸಿನಲ್ಲಿದ್ದು, ಕರ್ನಾಟಕದ ಬೇರೆ ಯಾವ ಕಲಮೂ ನಿಮಗೆ ಅನ್ವಯಿಸದಿದ್ದರೆ ಊರಿಗೆ ಕಳಿಸಬೇಡಿ. ಜೆಇಇ ಮಾತ್ರವಾದರೆ ಯೋಚಿಸಬಹುದು.

ವಿದೇಶದ ಕನಸಿನವರಿಗೆ ನಾಲ್ಕು ಮಾತು ಸಾಕು. ಹನ್ನೊಂದು, ಹನ್ನೆರಡಕ್ಕೆ ಸಮನಾದ ಅಂತರರಾಷ್ಟ್ರೀಯ ಪಠ್ಯಕ್ರಮ ಐಬಿ ಡಿಪ್ಲೊಮಾದಲ್ಲಿ ಆರು ವಿಷಯ. ಮೂರು ಮೇಲ್ಮಟ್ಟದ್ದು, ತಲಾ 240 ಗಂಟೆ, ಮೂರು ಸಾಮಾನ್ಯ ಮಟ್ಟದ್ದು, ತಲಾ 150. ಮೇಲೆ 4,000 ಪದಗಳ ಪ್ರಬಂಧ. ಅಮೆರಿಕದ ಕಾಲೇಜುಗಳು ಹೊರೆಯನ್ನು ನೋಡುತ್ತವೆ, ನಿಜ; ಅವುಗಳ ಸಾಮಾನ್ಯ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಶಾಲೆಯ ಕೌನ್ಸೆಲರ್ ಆ ಮಗು ತೆಗೆದುಕೊಂಡ ವಿಷಯಗಳು ಎಷ್ಟು ಕಠಿಣ ಎಂದು ಗುರುತು ಹಾಕಬೇಕು. ಆದರೆ ಹೋಲಿಕೆ ಅದೇ ಶಾಲೆ ಕೊಡುವುದರ ಜತೆಗೆ. ಎಚ್‌ಎಸ್‌ಸಿ ಕಾಲೇಜಿನಲ್ಲಿ ಪಿಸಿಎಂ ಮತ್ತು ಬೈಫೋಕಲ್ ಓದಿದ ಮಗು ಅಲ್ಲಿ ಸಿಗುವ ಭಾರದ್ದನ್ನೇ ಓದಿದೆ ಎಂದು ಲೆಕ್ಕ. ಅದರ ಮೇಲೆ ಹೊರಗಿನಿಂದ ಎಪಿ (ಕಾಲೇಜು ಮಟ್ಟದ ಅಮೆರಿಕನ್) ಪರೀಕ್ಷೆ ಕಟ್ಟಿಸಿದರೆ ಅದು ಮೇ ತಿಂಗಳಲ್ಲಿ, ಸಿಇಟಿಯ ನೆತ್ತಿಯ ಮೇಲೇ ಬಂದು ಕೂರುತ್ತದೆ.

ಕಾಮರ್ಸಿನಲ್ಲಿ ಪ್ರಶ್ನೆ ಒಂದೇ: ಗಣಿತವೋ, ಎಸ್‌ಪಿ ಅಂದರೆ ಸೆಕ್ರೆಟರಿಯಲ್ ಪ್ರಾಕ್ಟೀಸೋ. ಎಸ್‌ಪಿ ಹಗುರ. ಆದರೆ ಸಿಎ ಫೌಂಡೇಶನ್‌ನ ನಾಲ್ಕು ಪೇಪರಿನಲ್ಲಿ ಒಂದು ಕ್ವಾಂಟಿಟೇಟಿವ್ ಆ್ಯಪ್ಟಿಟ್ಯೂಡ್, 100 ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್‌ಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಯಲ್ಲಿ ಗಣಿತ ಬೇಕೇ ಬೇಕು. ಗಣಿತ ಹಿಡಿಯಿರಿ, ಎರಡನೆಯ ಭಾಷೆಯ ಜಾಗದಲ್ಲಿ ಐಟಿ ಹಾಕಿ ಹೊರೆ ಸರಿದೂಗಿಸಿ.

ಇಷ್ಟೆಲ್ಲ ಓದಿಯೂ ಇಂಟಿಗ್ರೇಟೆಡ್‌ಗೆ ಸೇರಿಸುವವರು ಮೊದಲ ಆರು ವಾರ ಮೂರು ವಸ್ತುಗಳನ್ನು ನೋಡುತ್ತಿರಿ. ಶನಿವಾರ ರಾತ್ರಿ ಡಿಪಿಪಿಯ, ಅಂದರೆ ದಿನಕ್ಕೊಂದು ಬರುವ ಲೆಕ್ಕದ ಹಾಳೆಯ, ಕಟ್ಟು ಬಿಚ್ಚಿ. ಬಿಡಿಸದೆ ಉಳಿದದ್ದು 5 ದಾಟಿದ್ದರೆ ಮಗು ಹಿಂದೆ ಬಿದ್ದಿದೆ; ಎರಡು ಶನಿವಾರ ಹಾಗೆಯೇ ಆದರೆ ಕೇವಲ ಸೋಮಾರಿತನ ಎಂದು ಗದರಬೇಡಿ, ಮೇಲಿನ ಗಂಟೆಯ ಲೆಕ್ಕ ಮತ್ತೆ ಹಾಕಿ. ಎರಡನೆಯದು ಜರ್ನಲ್: ಪ್ರಯೋಗದ ತಾರೀಕಿನ ಪಕ್ಕ ಸಹಿ ಬಿದ್ದಿದೆಯೇ. ಮೂರನೆಯದು ಟೆಸ್ಟಿನ ಉತ್ತರ ಪತ್ರಿಕೆ. ಅಂಕ ಬಿಡಿ, ತಪ್ಪುಗಳನ್ನು ನೋಡಿ. ಗೊತ್ತಿದ್ದೂ ತಪ್ಪಿದ್ದು ಹೆಚ್ಚಿದ್ದರೆ ಅಭ್ಯಾಸ ಸಾಲದು, ಸಮಯ ಕೊಟ್ಟರೆ ಸರಿಹೋಗುತ್ತದೆ. ಪ್ರಶ್ನೆಯನ್ನು ಮುಟ್ಟದೆಯೇ ಬಿಟ್ಟದ್ದು ಹೆಚ್ಚಿದ್ದರೆ ಬ್ಯಾಚಿನ ಮಟ್ಟ ಮಗುವಿಗೆ ಮೇಲಾಯಿತು.

ಹಾಗಾದರೆ ಇಳಿಸಬೇಕು, ಮತ್ತು ಗಣೇಶನ ರಜೆಗೆ ಮೊದಲು ಇಳಿಸಬೇಕು. ಜೆಇಇ ಬ್ಯಾಚಿನಿಂದ ಸಿಇಟಿ ಬ್ಯಾಚಿಗೆ. ದೀಪಾವಳಿ ದಾಟಿದರೆ ಎರಡು ಬ್ಯಾಚುಗಳ ಪಾಠದ ಕ್ರಮ ಬೇರೆಯಾಗಿ, ಕೆಲವು ಅಧ್ಯಾಯ ಎರಡು ಸಲ, ಕೆಲವು ಒಮ್ಮೆಯೂ ಇಲ್ಲ ಎಂಬಂತಾಗುತ್ತದೆ. ಕಾಲೇಜಿನಲ್ಲಿ ವಿಷಯ ಬದಲಿಸುವ ಅರ್ಜಿಯೂ ಆ ಹೊತ್ತಿಗೆ ಮೊದಲೇ ಪ್ರಿನ್ಸಿಪಾಲರ ಮೇಜು ಮುಟ್ಟಿರಲಿ. ಹನ್ನೊಂದರಲ್ಲಿ ಓದಿದ್ದೇ ಹನ್ನೆರಡರ ಫಾರ್ಮಿಗೂ ಬರುವುದು. ಎರಡು ಬ್ಯಾಚುಗಳ ಫೀ ವ್ಯತ್ಯಾಸ ಹಿಂತಿರುಗುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಆ ದಿನಕ್ಕೆ ಇಟ್ಟುಕೊಳ್ಳಬೇಡಿ. ಅದನ್ನು ಕೇಳಬೇಕಾದದ್ದು ಮೊದಲ ಚೆಕ್ಕಿಗೆ ಸಹಿ ಹಾಕುವ ಮುಂಚೆ, ಉತ್ತರ ಬೇಕಾದದ್ದು ರಸೀದಿಯ ಹಿಂಬದಿಯಲ್ಲಿ, ಸೀಲು ಸಮೇತ.